ಓದಿದವರ ಸಹಿ

ಮೊನ್ನೆ ಪ್ರದೀಪ ಫೋನ್ ಮಾಡಿದ್ದ. ಎಂಜಿನಿಯರಿಂಗ್ ಮುಗಿಸಿದ ಕೆಲವರು ಸೇರಿಕೊಂಡು ಭಾನುವಾರದ ನಮ್ಮ ಹಳೆಯ ಗುಂಪಿನಂಥದೇ ಒಂದನ್ನು ಮತ್ತೆ ಕಟ್ಟುತ್ತಿದ್ದಾರಂತೆ. "ಹೊಸಬ್ರು ಬಂದಾಗ ಹೇಗೆ ನಡ್ಕೋಬೇಕು ಅಂತ ನಾಲ್ಕು ಪುಟ ಬರ್ಕೊಡಿ ಸಾರ್. ನಿಮಗಿಂತ ಅನುಭವ ಇನ್ಯಾರಿಗಿದೆ?" ಎಂದ. ಅನುಭವವೇನೋ ಇದೆ. ಅದು ಎಂಥ ಅನುಭವ ಎಂಬುದು ಪ್ರದೀಪನಿಗೂ ಗೊತ್ತು. ಗೊತ್ತಿದ್ದೂ ಕೇಳಿದನಲ್ಲ ಎಂದು ಮೊದಲು ಸಿಟ್ಟು ಬಂತು. ಗೊತ್ತಿರುವುದರಿಂದಲೇ ಕೇಳಿದ್ದಾನೆ ಎಂದು ಆಮೇಲೆ ಹೊಳೆಯಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಸಂಬಳದ ಕೆಲಸ ಬೋರ್ಡಿನ ನಕ್ಷೆ ಬರೆಯುವುದಾಗಿತ್ತು. ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಕೂರಿಸುವ ಹಸಿರು ಹಲಗೆಯ ಮೇಲೆ ತಾಮ್ರದ ಗೆರೆಗಳು ಹರಿದಾಡುವುದನ್ನು ನೀವೆಲ್ಲ ನೋಡಿರುತ್ತೀರಿ. ಯಾವ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕೆಂದು ಯಾರೋ ಒಬ್ಬರು ಮೊದಲು ಬರೆದಿರಬೇಕು. ಮಲ್ಲೇಶ್ವರದಲ್ಲಿ, ಯಂತ್ರಗಳಿಗೆ ಅಂಕಿ ಅಕ್ಷರ ತೋರಿಸುವ ಪರದೆ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಆ ಯಾರೋ ಒಬ್ಬ ನಾನಾಗಿದ್ದೆ. ತೊಂಬತ್ತರ ದಶಕದ ಶುರುವಿನಲ್ಲಿ ಕೂಡ ನಮ್ಮಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಿರಲಿಲ್ಲ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು, ಅದರ ಮೇಲೆ ಪಾರದರ್ಶಕ ಹಾಳೆ, ಹಾಳೆಯ ಮೇಲೆ ಕಪ್ಪು ಟೇಪು. ದಾರದಷ್ಟು ಸಣ್ಣ ಆ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಕತ್ತರಿಸಿ ಅಂಟಿಸಬೇಕು. ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಂಡು, ಮನೆಗೆ ಹೋಗುವ ಬಸ್ಸಿನ ಬೋರ್ಡೂ ಎರಡೆರಡಾಗಿ ಕಾಣುತ್ತಿತ್ತು.

ನಮ್ಮ ಮೇಲಿನವರು ಶೇಷಾದ್ರಿ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಹೊಸಬರು ಕೆಲಸಕ್ಕೆ ಬಂದರೆ ಅವರಿಗೆ ಒಂದು ಮುಗಿದ ನಕ್ಷೆ, ಅದರ ಚಿಪ್ಪುಗಳ ಮಾಹಿತಿ ಹಾಳೆಗಳು, ಒಂದು ಕೆಂಪು ಪೆನ್ಸಿಲ್ಲು ಕೊಟ್ಟು, "ತಾಳೆ ನೋಡು" ಎಂದು ಹೇಳಿ ಹೋಗಿಬಿಡುತ್ತಿದ್ದರು. ಹೊಸಬರು ಒಂದು ವಾರ ಬೆವರು ಸುರಿಸಿ ಏನೋ ಬರೆದು ಕೊಡುತ್ತಿದ್ದರು. ಶೇಷಾದ್ರಿ ಅದನ್ನು ಎದುರಿಗಿಟ್ಟುಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದುತ್ತಿದ್ದರು. ಪಕ್ಕದಲ್ಲಿಟ್ಟ ಕಾಫಿ ಕೆನೆ ಕಟ್ಟಿ ತಣ್ಣಗಾದರೂ ಏಳುತ್ತಿರಲಿಲ್ಲ.

ನಾನು ಸೇರಿದ ಎರಡನೇ ವರ್ಷದಲ್ಲೇ ಒಂದು ದೊಡ್ಡ ಎಡವಟ್ಟು ಮಾಡಿದೆ. ಬೋರ್ಡಿನ ಹಿಂಭಾಗದ ಗೆರೆಗಳನ್ನು ಬರೆಯುವಾಗ ಹಾಳೆಯನ್ನು ಮಗುಚಿ ಹಾಕಿಕೊಳ್ಳುತ್ತಿದ್ದೆವು. ಮಗುಚಿದ್ದನ್ನು ಮರೆತು ತಂತಿ ಸಿಕ್ಕಿಸುವ ಒಂದು ಕನೆಕ್ಟರನ್ನು ಎಡಬಲ ತಿರುಗಿಸಿ ಅಂಟಿಸಿಬಿಟ್ಟಿದ್ದೆ. ಶೇಷಾದ್ರಿ ಹಿಡಿದರು. ನಾನು ಬೆವರುತ್ತ ನಿಂತಿದ್ದರೆ ಅವರು ಕನ್ನಡಕ ಒರೆಸಿಕೊಳ್ಳುತ್ತ, "ನಡುಗ್ಬೇಡ ಮೂರ್ತಿ. ತಪ್ಪು ಮಾಡೋದು ನಿನ್ನ ಕೆಲಸ. ಓದೋದು ನನ್ನ ಕೆಲಸ. ಇಬ್ರೂ ಮಾಡಿದೀವಿ ಇವತ್ತು" ಎಂದರು. ಈ ಮಾತನ್ನು ನಾನು ಎಷ್ಟು ಜನರ ಮುಂದೆ ಹೇಳಿ ಮೆರೆದಿದ್ದೇನೋ ಲೆಕ್ಕವಿಲ್ಲ.

ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಕಂಪ್ಯೂಟರು ಬಂತು. ಗಾಜಿನ ಮೇಜುಗಳು ಉಗ್ರಾಣಕ್ಕೆ ಹೋದವು, ಶೇಷಾದ್ರಿ ನಿವೃತ್ತರಾದರು. ನಕ್ಷೆ ಮುಗಿಸಿ ಒಂದು ಗುಂಡಿ ಒತ್ತಿದರೆ ಕಂಪ್ಯೂಟರೇ ಪರೀಕ್ಷೆ ಮಾಡಿ, ತಪ್ಪು ಸೊನ್ನೆ ಎಂದು ತೋರಿಸುತ್ತಿತ್ತು. ಆ ಸೊನ್ನೆಯನ್ನು ನಾನು ದೇವರಂತೆ ನಂಬಿದೆ. ಕಂಪ್ಯೂಟರು ನಕ್ಷೆಯನ್ನು ನಾವೇ ಅದಕ್ಕೆ ಹೇಳಿಕೊಟ್ಟ ಪಾಠದ ಜೊತೆ ಹೋಲಿಸುತ್ತದೆ, ನಿಜವಾದ ಚಿಪ್ಪಿನ ಜೊತೆಯಲ್ಲ. ನಾವು ಹೇಳಿಕೊಟ್ಟದ್ದೇ ತಪ್ಪಾಗಿದ್ದರೂ ಅದು ಸೊನ್ನೆ ಎಂದೇ ತೋರಿಸುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಓದುವುದಕ್ಕೆ ಸೋಮಾರಿತನ ಬಂದಿತ್ತು.

ಎರಡು ಸಾವಿರ ಇಸವಿ ಕಳೆದ ಮೇಲೆ ನಾನೂ ನಿವೃತ್ತನಾದೆ. ಆಗ ಗಂಟುಬಿದ್ದವನು ಈ ಪ್ರದೀಪ. ಅವನ ತಂದೆ ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ಬೀದಿಯ ಮಹಡಿಯೊಂದರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಟೈಪಿಂಗ್ ಕಲಿಯುವವರು ಇಲ್ಲವಾಗಿ ಬಾಗಿಲು ಹಾಕಿದ್ದರು. ಆ ಮೇಜುಗಳ ಮೇಲೆ ಕಂಪ್ಯೂಟರುಗಳನ್ನಿಟ್ಟುಕೊಂಡು ಪ್ರದೀಪ ಮತ್ತು ಅವನ ಸ್ನೇಹಿತರು ಪ್ರತಿ ಭಾನುವಾರ ಬೆಳಗ್ಗೆ ಸೇರುತ್ತಿದ್ದರು. ಅವರ ಹಟ ಇಷ್ಟೇ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವ ಬೋರ್ಡಿಗೆ ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಅದನ್ನು ಮಾಡುವ ಕಂಪನಿಗಳು ಒಳಗುಟ್ಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹಾಗಾಗಿ ನಕ್ಷೆಯಿಂದ ಹಿಡಿದು ಕೊನೆಯ ಸ್ಕ್ರೂವಿನವರೆಗೆ ಎಲ್ಲವೂ ಬಯಲಲ್ಲಿರುವ, ಯಾರು ಬೇಕಾದರೂ ನೋಡಿ ತಿದ್ದಿ ಮಾಡಿಕೊಳ್ಳಬಹುದಾದ ಕಾರ್ಡೊಂದನ್ನು ತಾವೇ ಮಾಡುವುದು. ಹಲವು ದೇಶಗಳ ಜನ ಇಂಟರ್ನೆಟ್ಟಿನಲ್ಲಿ ಸೇರಿ ಕೆಲಸ ಹಂಚಿಕೊಂಡಿದ್ದರು. ಬೋರ್ಡಿನ ನಕ್ಷೆ ನಮ್ಮ ಪಾಲಿಗೆ, ಅಂದರೆ ನನ್ನ ಪಾಲಿಗೆ ಬಂತು. ಎಲ್ಲರಿಗಿಂತ ಹಿರಿಯ, ಇಂಗ್ಲಿಷಿನಲ್ಲಿ ಕಾಗದ ಚೆನ್ನಾಗಿ ಬರೆಯುತ್ತೇನೆ ಎಂಬ ಕಾರಣಕ್ಕೆ ಹೊಸಬರನ್ನು ಬರಮಾಡಿಕೊಳ್ಳುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು. "ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸೋರ ಕೆಲಸ ಸಿಕ್ತು ಅನ್ನಿ" ಎಂದು ನನ್ನ ಹೆಂಡತಿ ನಕ್ಕಿದ್ದಳು.

ಪನ್ನೀರನ್ನು ಧಾರಾಳವಾಗಿಯೇ ಚಿಮುಕಿಸಿದೆ. ಒಂದು ಪುಟದ ಸ್ವಾಗತ ಪತ್ರ ಬರೆದಿಟ್ಟುಕೊಂಡಿದ್ದೆ. ನಿಮ್ಮ ಪ್ರತಿಯೊಂದು ಮಾತೂ ನಮಗೆ ಅಮೂಲ್ಯ, ಇಲ್ಲಿ ದೊಡ್ಡವರು ಚಿಕ್ಕವರು ಎಂಬುದಿಲ್ಲ, ಹೀಗೆ. ಹೆಸರೊಂದನ್ನು ಬದಲಾಯಿಸಿ ಎಲ್ಲರಿಗೂ ಅದನ್ನೇ ಕಳಿಸುತ್ತಿದ್ದೆ. ಒಮ್ಮೆ ಹೆಸರು ಬದಲಾಯಿಸುವುದನ್ನೂ ಮರೆತು, ವೈಯಾಲಿಕಾವಲ್‌ನ ಲೆಕ್ಚರರ್ ಹೆಣ್ಣುಮಗಳೊಬ್ಬಳಿಗೆ "ಪ್ರಿಯ ಕೃಷ್ಣಪ್ಪನವರೇ" ಎಂದು ಸ್ವಾಗತ ಹೋಯಿತು. ಆಕೆ ಬರಲೇ ಇಲ್ಲ. ಎಲ್ಲರೂ ಸೇರಿ ನಕ್ಕೆವು. ಅವತ್ತು ನಗಬಾರದಿತ್ತು.

ಬಂದವರು ನಾನಾ ತರಹ. ಮೊದಲ ದಿನವೇ ಯೋಜನೆಯ ಹೆಸರು ಸರಿಯಿಲ್ಲ, ಬದಲಾಯಿಸಿ ಎಂದವರಿದ್ದರು. ಬಯೋಡೇಟಾದಲ್ಲಿ ಒಂದು ಸಾಲು ಸೇರಿಸಿಕೊಂಡು ಮಾಯವಾದವರಿದ್ದರು. ಹತ್ತು ಜನ ಬಂದರೆ ಇಬ್ಬರು ಉಳಿದರೆ ಹೆಚ್ಚು. ಹೀಗಾಗಿ ನಾನು ಶೇಷಾದ್ರಿಯವರ ಉಪಾಯವನ್ನೇ ಹಿಡಿದೆ. ಬಂದವರಿಗೆಲ್ಲ ನಕ್ಷೆಯ ಪ್ರಿಂಟು, ಚಿಪ್ಪುಗಳ ಮಾಹಿತಿ ಹಾಳೆ ಕೊಟ್ಟು "ತಾಳೆ ನೋಡಿ" ಎನ್ನುತ್ತಿದ್ದೆ. ಬೇಸರಪಟ್ಟು ಓಡಿಹೋಗುವವರು ಓಡಿಹೋಗಲಿ, ಉಳಿದವರಿಗೆ ನಿಜವಾದ ಕೆಲಸ ಕೊಡೋಣ ಎಂದು. ಅಂದರೆ ಇದು ನಿಜವಾದ ಕೆಲಸವಲ್ಲ ಎಂದು ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಅವರು ಬರೆದುಕೊಟ್ಟದ್ದನ್ನು ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ಬೀರುವಿನಲ್ಲಿ ಇಡುತ್ತಿದ್ದೆ. ಓದುತ್ತಿರಲಿಲ್ಲ. ನಕ್ಷೆ ನನ್ನದು, ಕಂಪ್ಯೂಟರು ಸೊನ್ನೆ ತೋರಿಸಿದೆ, ಇನ್ನು ಓದುವುದೇನು?

ಹೀಗಿರುವಾಗ ಗಿರಿಜಮ್ಮ ಬಂದರು. ಕನ್ನಡ ಪೇಪರಿನಲ್ಲಿ ಬಂದಿದ್ದ ಎರಡು ಸಾಲಿನ ಸುದ್ದಿ ನೋಡಿ ಚಾಮರಾಜಪೇಟೆಯಿಂದ ನಡೆದುಕೊಂಡೇ ಬಂದಿದ್ದರು. ನಲವತ್ತೇಳು ನಲವತ್ತೆಂಟು ವಯಸ್ಸು. ಕನ್ನಡಕದ ಡಬ್ಬಿಯಲ್ಲಿ ಒಂದು ಭೂತಗನ್ನಡಿ.

"ಇಲ್ಲಿ ಬೋರ್ಡ್ ಮಾಡ್ತಾರಂತಲ್ಲ ಸಾರ್? ನಾನು ಬೋರ್ಡ್ ಫ್ಯಾಕ್ಟ್ರೀಲಿ, ತಪ್ಪು ಹುಡುಕೋ ಇನ್ಸ್‌ಪೆಕ್ಷನ್ ಸೆಕ್ಷನ್‌ನಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಸೆಕ್ಷನ್ ಮುಚ್ಬಿಟ್ರು. ಈಗ ಮನೇಲಿ ಕೂತು ಅಕ್ಕೀಲಿ ಕಲ್ಲು ಹುಡುಕ್ತೀನಿ. ಈಗಿನ ಅಕ್ಕೀಲಿ ಕಲ್ಲೂ ಇರಲ್ಲ."

ಪ್ರದೀಪ ನಕ್ಕು ಕುರ್ಚಿ ಎಳೆದು ಕೊಟ್ಟ. ಗಿರಿಜಮ್ಮ ಕೂರಲಿಲ್ಲ.

"ನಮ್ಮ ಹಳೇ ಸೂಪರ್‌ವೈಸರು ಪೀಣ್ಯದಲ್ಲಿ ಸ್ವಂತ ಯೂನಿಟ್ ಶುರು ಮಾಡ್ತಿದಾರೆ. ಆರು ತಿಂಗಳಲ್ಲಿ ಕರೀತೀನಿ ಅಂದಿದಾರೆ. ಮನೇಲಿ ದುಡಿಯೋಳು ನಾನೊಬ್ಳೇ ಸಾರ್, ಆ ಕೆಲಸ ತಪ್ಪಬಾರದು. ಅಲ್ಲೀವರೆಗೂ ಕಣ್ಣಿಗೆ ತುಕ್ಕು ಹಿಡೀದೇ ಇದ್ರೆ ಸಾಕು. ಇಂಗ್ಲಿಷ್ ಅಷ್ಟಾಗಿ ಬರಲ್ಲ, ಅಕ್ಷರ ಅಂಕಿ ಓದ್ತೀನಿ. ಕೆಲಸ ಕೊಡ್ತೀರಾ?"

ಕೊಟ್ಟೆ. ಎಲ್ಲರಿಗೂ ಕೊಡುವ ಅದೇ ಕಾಗದದ ಕಟ್ಟನ್ನು ಕೊಟ್ಟೆ.

ಐದು ವಾರ ಬಿಟ್ಟು ಒಂದು ಲಾಂಗ್ ಬುಕ್ ತುಂಬ ಬರೆದುಕೊಂಡು ಬಂದರು. ಎಲ್ಲ ಕನ್ನಡದಲ್ಲಿ, ಗುಂಡು ಗುಂಡು ಅಕ್ಷರ, ಸ್ಕೇಲಿಟ್ಟು ಎಳೆದ ಕಾಲಮುಗಳು. ಸರಿ ಇರುವುದಕ್ಕೆ ನೀಲಿ, ಸಂದೇಹವಿರುವುದಕ್ಕೆ ಕೆಂಪು. ಕೊನೆಯ ಪುಟದ ತಳದಲ್ಲಿ ಎರಡು ಗೆರೆಗಳಿದ್ದವು. ಒಂದರ ಕೆಳಗೆ "ನೋಡಿದವರ ಸಹಿ" ಎಂದು ಬರೆದು ಅವರು ಸಹಿ ಮಾಡಿದ್ದರು. ಇನ್ನೊಂದರ ಕೆಳಗೆ "ಓದಿದವರ ಸಹಿ" ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದರು.

"ಇದು ನೀವು ಮಾಡ್ಬೇಕು ಸಾರ್. ನಮ್ಮಲ್ಲಿ ಎರಡೂ ಸಹಿ ಬೀಳ್ದೆ ಬೋರ್ಡು ಬಾಗಿಲು ದಾಟ್ತಿರ್ಲಿಲ್ಲ."

"ಇಲ್ಲಿ ಅಷ್ಟೆಲ್ಲ ಕಟ್ಟುನಿಟ್ಟಿಲ್ಲ ಗಿರಿಜಮ್ಮ. ಆದ್ರೂ ಓದಿ ಹಾಕ್ತೀನಿ, ಬಿಡಿ" ಎಂದೆ. ಪುಸ್ತಕ ಬೀರು ಸೇರಿತು.

ಮುಂದಿನ ಭಾನುವಾರ ಅವರು ಮೆಟ್ಟಿಲು ಹತ್ತಿ ಬಂದವರೇ ಕೇಳಿದರು. "ಓದಿದ್ರಾ ಸಾರ್?"

ನಾನು ಬೆಲ್ಜಿಯಮ್ಮಿನ ಯಾರಿಗೋ ಸ್ವಾಗತ ಪತ್ರ ಕಳಿಸುವುದರಲ್ಲಿ ಮುಳುಗಿದ್ದೆ. ತಲೆ ಎತ್ತದೆ, "ಓದಿದೆ. ಬಹಳ ಚೆನ್ನಾಗಿ ಮಾಡಿದೀರಿ" ಎಂದೆ.

"ಮೂವತ್ತೊಂದನೇ ಪುಟಾನೂ ನೋಡಿದ್ರಾ?"

"ಎಲ್ಲಾ ನೋಡಿದೆ ಗಿರಿಜಮ್ಮ. ನಕ್ಷೆ ಸರಿಯಾಗಿದೆ, ಯೋಚನೆ ಮಾಡ್ಬೇಡಿ."

"ಸರಿಯಾಗಿದ್ಯಾ... ಹಾಗಾದ್ರೆ ಸರಿ ಸಾರ್" ಎಂದರು. ದನಿ ಸಣ್ಣದಾಗಿತ್ತು. ಆ ದನಿ ಈಗ ಕೇಳಿಸುತ್ತದೆ, ಆಗ ಕೇಳಿಸಲಿಲ್ಲ. ಮುಂದಿನ ಎರಡು ಭಾನುವಾರ ಬಂದು ಮೂಲೆಯಲ್ಲಿ ಕೂತು ಹೋದರು. ಆಮೇಲೆ ಬರಲಿಲ್ಲ. ನಾನು ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ, ಉಳಿದವರ ಹೆಸರಿನ ಮುಂದೆ ಹಾಕುವಂತೆ, "ಬಿಟ್ಟರು" ಎಂದು ಬರೆದೆ.

ಅಷ್ಟರಲ್ಲಿ ನಕ್ಷೆ ಬೋರ್ಡು ತಯಾರಿಸುವವರ ಕೈಗೆ ಹೋಗಿತ್ತು. ಅದರ ಖರ್ಚಿಗೆ ಎಷ್ಟೋ ಊರುಗಳ ಜನ ಕೈಲಾದಷ್ಟು ದುಡ್ಡು ಹಾಕಿದ್ದರು. ಒಂದೇ ಸಲ ಮಾಡಿಸುವ ಶಕ್ತಿ ನಮಗಿದ್ದದ್ದು, ಅದು ಎಲ್ಲರಿಗೂ ಗೊತ್ತಿತ್ತು.

ಆರು ತಿಂಗಳು ಕಳೆದು ಬೋರ್ಡುಗಳು ಬಂದ ಭಾನುವಾರ ಪ್ರದೀಪನ ತಾಯಿ ಕೇಸರಿಬಾತ್ ಮಾಡಿ ಕಳಿಸಿದ್ದರು. ಯಾರೋ ಬೋರ್ಡಿಗೆ ಕುಂಕುಮ ಹಚ್ಚಲು ಹೋಗಿ ಪ್ರದೀಪನ ಕೈಲಿ ಬೈಸಿಕೊಂಡರು. ಕಂಪ್ಯೂಟರಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆವು. ಪರದೆ ಕಪ್ಪಾಗಿಯೇ ಇತ್ತು. ಪ್ರದೀಪ ಮೆಮೊರಿ ಚಿಪ್ಪಿನ ಮೇಲೆ ಬೆರಳಿಟ್ಟವನು ಸುಟ್ಟಂತೆ ಕೈ ಹಿಂದೆಳೆದುಕೊಂಡ. ಎರಡನೇ ಬೋರ್ಡು ಹಾಗೇ, ಮೂರನೆಯದೂ ಹಾಗೇ. ಕೇಸರಿಬಾತ್ ಡಬ್ಬಿಯಲ್ಲೇ ಉಳಿಯಿತು.

ಮೂರು ಭಾನುವಾರ ಹುಡುಕಿದೆವು. ವಿದೇಶದವರು ನಮ್ಮನ್ನು ಅನುಮಾನಿಸಿದರು, ನಾವು ಬೋರ್ಡು ಮಾಡಿದವರನ್ನು ಅನುಮಾನಿಸಿದೆವು. ನಾಲ್ಕನೇ ಭಾನುವಾರ ಅಳತೆಗಳನ್ನು ಬರೆದುಕೊಳ್ಳಲು ಗೆರೆ ಹಾಕಿದ ಹಾಳೆ ಬೇಕಾಗಿತ್ತು. ಬೀರು ತೆಗೆದೆ. ಗಿರಿಜಮ್ಮನ ಪುಸ್ತಕದ ಹಿಂದುಗಡೆ ಖಾಲಿ ಹಾಳೆಗಳಿದ್ದ ನೆನಪು. ಅವುಗಳನ್ನು ಹರಿದುಕೊಳ್ಳೋಣ ಎಂದು ತೆಗೆದುಕೊಂಡೆ. ಹೌದು, ಹರಿಯುವುದಕ್ಕೆಂದೇ ಅದನ್ನು ಮೊದಲ ಸಲ ಬಿಡಿಸಿದ್ದು.

ಮೂವತ್ತೊಂದನೇ ಪುಟ ಎಂದು ಅವರು ಕೇಳಿದ್ದು ನೆನಪಾಗಿ ಅಲ್ಲಿಗೆ ತಿರುವಿದೆ. ಇಡೀ ಪುಟ ಕೆಂಪು ಶಾಯಿ.

"ಮೆಮೊರಿ ಚಿಪ್. ಕಂಪನಿಯವರ ಚಿತ್ರ ಚಿಪ್ಪಿನ ಹೊಟ್ಟೆಯ ಕಡೆಯಿಂದ ನೋಡಿದ್ದು. ನಮ್ಮ ನಕ್ಷೆಯಲ್ಲಿ ಅದನ್ನೇ ಮೇಲಿನಿಂದ ನೋಡಿದಂತೆ ಹಾಕಿದೆ. ಎಡಬಲ ಅದಲುಬದಲು ಆಗಿದೆ ಎಂದು ಕಾಣುತ್ತದೆ. ಮೂರು ಸಲ ನೋಡಿದೆ. ನನಗೆ ತಿಳಿಯದೆ ಇರಬಹುದು. ದಯವಿಟ್ಟು ಸಾರ್ ಅವರು ಇದನ್ನು ನೋಡಬೇಕು."

ಆ ಚಿಪ್ಪಿಗೆ ಪಕ್ಕದಲ್ಲಿ ಕಾಲುಗಳಿಲ್ಲ. ಹೊಟ್ಟೆಯ ಅಡಿಯಲ್ಲಿ ಸಾಸಿವೆ ಕಾಳಿನಂಥ ಬೆಸುಗೆಯ ಗುಂಡುಗಳು. ಬೋರ್ಡು ತಯಾರಾದ ಮೇಲೆ ಒಂದು ತಂತಿ ಹಾಕಿ ಸರಿಮಾಡುವಂಥದ್ದೂ ಅಲ್ಲ. ಎಲ್ಲ ಬೋರ್ಡುಗಳೂ ಕಸ. ಶೇಷಾದ್ರಿಯವರು ಒಂದು ಕಾಲದಲ್ಲಿ ಹಿಡಿದಿದ್ದ ಅದೇ ತಪ್ಪನ್ನು ನಾನು ಮುದಿವಯಸ್ಸಿನಲ್ಲಿ ಮತ್ತೆ ಮಾಡಿದ್ದೆ. ಈ ಸಲವೂ ಒಬ್ಬರು ಹಿಡಿದಿದ್ದರು. ಓದುವ ಕೆಲಸವಿದ್ದವನು ಮಾತ್ರ ಓದಿರಲಿಲ್ಲ.

ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಪುಸ್ತಕವನ್ನು ಒಳಗಿಟ್ಟು ಬೀಗ ಹಾಕಿ, ತಪ್ಪನ್ನು ಈಗ ತಾನೇ ನಾನೇ ಕಂಡುಹಿಡಿದೆ ಎಂದುಬಿಡಬಹುದಿತ್ತು. ಹಾಗೆ ಮಾಡುವ ಮನಸ್ಸಾಗಿತ್ತು, ಮುಚ್ಚಿಡುವುದಿಲ್ಲ. ಕೊನೆಗೆ ಪ್ರದೀಪನ ಮುಂದೆ ಪುಸ್ತಕ ಬಿಡಿಸಿಟ್ಟೆ. ಅವನು ಎರಡು ಸಲ ಓದಿದ.

"ಸಾರ್, ಅವ್ರು ಕೇಳ್ದಾಗ ಓದಿದೆ ಅಂದ್ರಲ್ಲ ನೀವು. ನಾನೂ ಇಲ್ಲೇ ಇದ್ದೆ."

"ಅಂದೆ."

ಅವನು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ಸಲ ಬೋರ್ಡು ಮಾಡಿಸಲು ಆಗಲೇ ಇಲ್ಲ. ಹೊರಗಿನಿಂದ ಬರುವ ಕಾಗದಗಳು ಕಡಿಮೆಯಾದವು, ಒಬ್ಬೊಬ್ಬರೇ ಬೇರೆ ಕೆಲಸ ಹಿಡಿದರು, ಪ್ರದೀಪನ ತಂದೆ ಮಹಡಿಯನ್ನು ಬಾಡಿಗೆಗೆ ಕೊಟ್ಟರು. ಅದು ನನ್ನೊಬ್ಬನಿಂದಲೇ ಆಯಿತು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಪುಸ್ತಕ ಬಿಡಿಸಿದ ಆ ವಾರವೇ ರಿಜಿಸ್ಟರಿನಿಂದ ವಿಳಾಸ ತೆಗೆದುಕೊಂಡು ಚಾಮರಾಜಪೇಟೆಗೆ ಹೋಗಿದ್ದೆ. ಬೆಳಗಿನ ಹನ್ನೊಂದು ಗಂಟೆ. ಸಾಲು ಮನೆಗಳ ವಠಾರ. ಗಿರಿಜಮ್ಮ ಬಾಗಿಲ ಹತ್ತಿರದ ಬೆಳಕಿನಲ್ಲಿ ಕೂತು ಯಾರದೋ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದರು. ನನ್ನನ್ನು ನೋಡಿ ಗಾಬರಿಯಿಂದ ಎದ್ದು, "ಬನ್ನಿ ಸಾರ್, ಬನ್ನಿ. ಏನಾಯ್ತು?" ಎಂದರು.

ನಾನು ಪುಸ್ತಕ ಕೊಟ್ಟು ಎಲ್ಲ ಹೇಳಿದೆ. ಬೋರ್ಡು ಸತ್ತದ್ದು, ಪುಸ್ತಕ ಬೀರುವಿನಲ್ಲಿದ್ದದ್ದು, ಓದಿದೆ ಎಂದದ್ದು ಸುಳ್ಳು ಎಂಬುದು. ಅವರು ಮೂವತ್ತೊಂದನೇ ಪುಟ ತೆಗೆದು ತಮ್ಮದೇ ಅಕ್ಷರವನ್ನು ಬೆರಳಿಟ್ಟು ಓದಿಕೊಂಡರು.

"ಹಾಗಾದ್ರೆ ನಾನು ಸರಿಯಾಗೇ ನೋಡಿದ್ದೆ."

"ಸರಿಯಾಗೇ ನೋಡಿದ್ರಿ ಗಿರಿಜಮ್ಮ."

"ಎಲ್ಲಾ ನೋಡಿದೆ, ನಕ್ಷೆ ಸರಿಯಾಗಿದೆ ಅಂದ್ರಲ್ಲ ಸಾರ್ ನೀವು. ಅಷ್ಟು ದೊಡ್ಡೋರು ಸುಳ್ಳು ಹೇಳ್ತಾರೆ ಅಂತ ಅನ್ಕೊಳ್ಳೋದು ಹೇಗೆ? ನನ್ನ ಕಣ್ಣೇ ಹೋಯ್ತು ಅನ್ಕೊಂಡೆ. ಕಣ್ಣಿನ ಡಾಕ್ಟ್ರ ಹತ್ರ ಹೋದೆ. ಕಣ್ಣು ಚೆನ್ನಾಗಿದೆಯಮ್ಮಾ ಅಂದ್ರು. ಕಣ್ಣು ಸರಿ ಇದ್ರೆ ತಲೆನೇ ಕೆಟ್ಟಿರ್ಬೇಕು ಅನ್ಕೊಂಡು ಮನೆಗೆ ಬಂದೆ."

ನನಗೆ ಪೀಣ್ಯದ ಕೆಲಸ ನೆನಪಾಯಿತು. ಕೇಳಲು ಭಯವಾಯಿತು, ಆದರೂ ಕೇಳಿದೆ.

"ಕರೆದಿದ್ರು ಸಾರ್. ಹೇಳಿದ ಹಾಗೇ ಕರೆದ್ರು. ನಾನೇ ಬರಲ್ಲ ಅಂದೆ. ಸರಿ ಇರೋ ಕಡೆ ತಪ್ಪು ಕಾಣೋಳು ಹೋಗಿ ಅವರ ಬೋರ್ಡ್ ಯಾಕೆ ಹಾಳ್ಮಾಡ್ಲಿ ಅಂತ."

"ನಾನು ಹೋಗಿ ನಿಮ್ಮ ಸೂಪರ್‌ವೈಸರ್ ಹತ್ರ ಮಾತಾಡ್ತೀನಿ. ನಡೆದದ್ದು ಹೇಳ್ತೀನಿ."

"ಬೇರೆಯೋಳು ಸೇರ್ಕೊಂಡು ಆಗ್ಲೇ ಎರಡು ತಿಂಗಳಾಯ್ತು. ಅವಳನ್ನ ಬಿಡ್ಸೋಕಾಗುತ್ತಾ? ನಂಗೆ ಇದು ಇದೆಯಲ್ಲ" ಎಂದು ಸೀರೆಯ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಏನು ಮಾಡಬೇಕೆಂದು ತಿಳಿಯದೆ, "ಈಗ ಓದ್ತೀನಿ" ಎಂದೆ. ಅವರು ಪುಸ್ತಕ ನನ್ನ ಕೈಗಿತ್ತು ಮತ್ತೆ ಸೂಜಿ ಹಿಡಿದರು. ಅವರ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಮೊದಲ ಪುಟದಿಂದ ಓದಿದೆ. ಒಳಗಿನಿಂದ ಒಂದು ಲೋಟ ಕಾಫಿ ಬಂತು. ಅದು ಕೆನೆ ಕಟ್ಟುವವರೆಗೂ ಓದಿದೆ. ಒಂದು ಅಂಕಿಯೂ ಅವರ ಕಣ್ಣು ತಪ್ಪಿಸಿಕೊಂಡಿರಲಿಲ್ಲ. ಕೊನೆಯ ಪುಟಕ್ಕೆ ಬಂದೆ. ಎರಡು ಗೆರೆ, ಒಂದರ ಮೇಲೆ ಸಹಿ, ಇನ್ನೊಂದು ಖಾಲಿ. ಜೇಬಿನಿಂದ ಪೆನ್ನು ತೆಗೆದೆ.

"ಬೇಡ ಸಾರ್" ಎಂದರು ಗಿರಿಜಮ್ಮ. ಹೊಲಿಗೆಯಿಂದ ತಲೆ ಎತ್ತಿರಲಿಲ್ಲ. "ಬೋರ್ಡು ಬಾಗಿಲು ದಾಟಿದ್ಮೇಲೆ ಸಹಿ ಹಾಕೋ ಹಾಗಿಲ್ಲ. ನಮ್ಮಲ್ಲಿ ಯಾರೂ ಹಾಕ್ತಿರ್ಲಿಲ್ಲ."

ಪೆನ್ನಿನ ಮುಚ್ಚಳ ಹಾಕಿದೆ. ಪುಸ್ತಕ ಅವರು ಇಟ್ಟುಕೊಳ್ಳಲಿಲ್ಲ, ನನ್ನ ಹತ್ತಿರವೇ ಇದೆ. ಪ್ರದೀಪ ಕೇಳಿದ ಈ ಪುಟಗಳ ಜೊತೆ ಅದನ್ನೂ ಕಳಿಸುತ್ತಿದ್ದೇನೆ. ಹೊಸಬರನ್ನು ಬರಮಾಡಿಕೊಳ್ಳಲು ಕೂರುವವರು ಕೊನೆಯ ಪುಟ ತೆಗೆದು ನೋಡಬೇಕು. ಅಲ್ಲಿ ಖಾಲಿ ಇರುವ ಗೆರೆ ನನ್ನದು.